ಪರೀಕ್ಷೆಗೆ ಇಟ್ಟ ಹೆಸರುಗಳು

ಜಹ್ರಾದ ನಮ್ಮ ಜಮೀಯಕ್ಕೆ, ಅಂದರೆ ಸಹಕಾರ ಸಂಘಕ್ಕೆ, ಚುನಾವಣೆ.
ಆಳೆತ್ತರದ ಟೀವಿ ತರಿಸಿ
ಮುತ್ಲಖ್ ಸಾಹೇಬರು ಕರೆದರು:
ಎಣಿಕೆ ಆದ ಹಾಗೆಲ್ಲ ಇದರಲ್ಲಿ ಕಾಣಬೇಕು,
ಕಂಪ್ಯೂಟರಿನವನು ನೀನೇ ಅಲ್ಲವೇ.

ನಾನು ಗೋದಾಮಿನವನು.
ಅಕ್ಕಿ ಮೂಟೆ, ಮಜ್ಜಿಗೆ ಡಬ್ಬಿ, ಅವಧಿ ಮೀರಿದ ಟ್ಯೂನಾ
ಎಕ್ಸೆಲ್ಲಿನ ಚೌಕದಲ್ಲಿ ಕೂರಿಸಿ ಗೊತ್ತು, ಅಷ್ಟೆ.
ಆಯಿತು ಅಂದೆ. ಹನ್ನೆರಡು ವರ್ಷ ಕಲಿತ ಅರಬ್ಬಿಯಲ್ಲಿ
'ಲಾ' ಅನ್ನುವುದೊಂದು ಇನ್ನೂ ನಾಲಿಗೆಗೆ ಹತ್ತಿಲ್ಲ.

ರಾತ್ರಿ ಮೇಲ್ಮಂಚದಲ್ಲಿ, ಮೊಣಕಾಲ ಮೇಲೆ ಲ್ಯಾಪ್‌ಟಾಪು,
ಕೆಳಗೆ ಇದ್ದಿನಬ್ಬನ ಗೊರಕೆ.
ಯಾವನೋ ಹುಡುಗ ವೀಡಿಯೋದಲ್ಲಿ 'ತುಂಬ ಸುಲಭ' ಅನ್ನುತ್ತಾನೆ,
ಅವನು ಒತ್ತುವ ಗುಂಡಿ ನನ್ನದರಲ್ಲಿ ಇಲ್ಲ.
ಹೋದ ವರ್ಷ ಇತ್ತಂತೆ.
ಒಂದು ಬ್ರಾಕೆಟ್ಟು ಮುಚ್ಚಲು ಮರೆತರೆ
ಇಡೀ ಪುಟ ಬಿಳಿ,
ಇಸ್ತ್ರಿ ಮಾಡಿಟ್ಟ ದಿಶ್ದಾಶದ ಹಾಗೆ.

ಮೂರನೇ ರಾತ್ರಿ ಹೆಸರು ಬಂತು, ಗೆರೆ ಬಂತು.
ಮತ ಇರಬೇಕಾದಲ್ಲಿ ಮಾತ್ರ
ಎಲ್ಲರ ಮುಂದೆಯೂ ಇಂಗ್ಲಿಷಿನ ಮೂರಕ್ಷರ,
ಕೂಡಿಸಿ ಓದಿದೆ: ನಾನ್.
'ಸಂಖ್ಯೆಯಲ್ಲ' ಎಂದು ಅರ್ಥವಂತೆ.
ನಾನ್, ನಾನ್, ನಾನ್, ಒಂಬತ್ತು ಸಲ.
ಕಿಸೆಯಲ್ಲಿ ಹನ್ನೆರಡು ಅಂಕಿಯ ಬತಾಕ ಇಟ್ಟುಕೊಂಡು
ಎಷ್ಟೋ ಹೊತ್ತು ಅದನ್ನೇ ನೋಡಿದೆ,
ಸರಿಪಡಿಸಲು ಮನಸ್ಸು ಬರಲಿಲ್ಲ.

ಗೆರೆ ಬಲದಿಂದ ಬೆಳೆಯಬೇಕು ಅಂದರು. ಬೆಳೆಸಿದೆ.
ಹೆಸರು ಬಲದಿಂದ ಎಡಕ್ಕೆ ನಡೆಯಿತು,
ಅಂಕಿ ಎಡದಿಂದ ಬಲಕ್ಕೆ,
ನಡುವೆ ಒಂದು ಕಂಸ ಯಾರ ಕಡೆಗೆಂದು ತಿಳಿಯದೆ
ಇಬ್ಬರಿಗೂ ಬೆನ್ನು ಕೊಟ್ಟು ನಿಂತಿತು.
ಇಲ್ಲಿನ ಸೊನ್ನೆ ಬರೀ ಚುಕ್ಕಿ.
ಇಲ್ಲಿನ ಐದು ಥೇಟ್ ನಮ್ಮ ಸೊನ್ನೆ;
ಐವತ್ತೈದು ಪಡೆದವನನ್ನು ನೋಡಿ
ಪಾಪ, ಅಂದುಕೊಂಡಿದ್ದೆ.

ಪರೀಕ್ಷಿಸಲು ಅಭ್ಯರ್ಥಿಗಳು ಬೇಕಲ್ಲ,
ದೊಡ್ಡವರ ಹೆಸರಲ್ಲಿ ಆಟ ಬೇಡ.
ಇದ್ದಿನಬ್ಬ, ಡೆಲಿವರಿ ವ್ಯಾನು: ಇನ್ನೂರಾ ಹನ್ನೆರಡು.
ಸಿಪ್ರಿಯನ್, ಮಾಂಸದ ಕೌಂಟರು: ನೂರಾ ತೊಂಬತ್ತೆಂಟು.
ಖಡ್ಕಾ, ಟ್ರಾಲಿ ದೂಡುವವನು: ನೂರಾ ಎಪ್ಪತ್ತು.
ನನಗೆ ಮೂರು ಹಾಕಿಕೊಂಡೆ,
ಮನೆಯವರದ್ದು ಅನ್ನಿ.

ಎಣಿಕೆಯ ರಾತ್ರಿ. ಶಾಲೆಯ ಹಾಲು, ಊದಿನ ಹೊಗೆ, ಏಲಕ್ಕಿ ಗಹ್ವಾ,
ಎಲ್ಲರ ಕಣ್ಣು ಟೀವಿಗೆ.
ಗುಂಡಿ ಒತ್ತಿದೆ.
ಬಂದವರು ನಮ್ಮವರು.
ಇದ್ದಿನಬ್ಬನ ಹಸಿರು ಗೆರೆ ಈ ಕೊನೆಯಿಂದ ಆ ಕೊನೆಗೆ,
ತುದಿಯಲ್ಲಿ, ನಾನೇ ಚಂದ ಕಾಣಲೆಂದು ಹಾಕಿದ್ದ
ಮಿನುಗುವ ನಕ್ಷತ್ರ: ವಿಜಯಿ.
ಹನ್ನೊಂದು ಸೆಕೆಂಡು. ಹತ್ತು ಬೆರಳಲ್ಲಿ
ಒಂದೂ ನನ್ನ ಮಾತು ಕೇಳಲಿಲ್ಲ.
ಮುಂದಿನ ಸಾಲಿನ ಮುದುಕರೊಬ್ಬರು ಗಂಭೀರವಾಗಿ ಕೇಳಿದರು:
ಇವನು ಯಾವ ಕಬೀಲೆಯವನು?
ಯಾರೋ ನಕ್ಕರು. ನಗು ಸಾಲಿನಿಂದ ಸಾಲಿಗೆ ಹಾಯಿತು.
ಬಾಗಿಲಲ್ಲಿ ನೀರಿನ ಬಾಟಲಿ ಹಂಚುತ್ತಿದ್ದ ಖಡ್ಕಾನಿಗೆ
ಅರಬ್ಬಿ ಓದಲು ಬಾರದು,
ಎಲ್ಲರೂ ನಕ್ಕರೆಂದು ತಾನೂ ನಕ್ಕ.
ಮುತ್ಲಖ್ ಸಾಹೇಬರು ನಗಲಿಲ್ಲ.
ಪರದೆ ಬದಲಾಯಿತು.

ಮೂರು ಗಂಟೆಗೆ ರೂಮು ಸೇರಿದೆ.
ಸುದ್ದಿ ನನಗಿಂತ ಮೊದಲೇ ಬಂದಿತ್ತು.
ಎಷ್ಟ್ ಬಿತ್ತು ನಂಗೆ?
ಇನ್ನೂರಾ ಹನ್ನೆರಡು.
ನಾನೇ ಒಂದು ಓಟು ಹಾಕಿ ಹದಿನಾರು ವರ್ಷ ಆಯ್ತು ಮಾರಾಯ,
ಅಂದವನೇ ಇದ್ದಿನಬ್ಬ ಗೋಡೆಗೆ ತಿರುಗಿದ. ಐದಕ್ಕೆ ವ್ಯಾನು.
ಸ್ವಲ್ಪ ಹೊತ್ತು ಬರೀ ಏಸಿಯ ಸದ್ದು.
ಆಮೇಲೆ ಮೂಲೆಯ ಮಂಚದಿಂದ ಸಿಪ್ರಿಯನ್:
ಹದಿನಾಲ್ಕೇ ಓಟಿನ ಅಂತರ ಅಲ್ವಾ,
ಮತ್ತೊಮ್ಮೆ ಎಣಿಸ್ಬೇಕು.
ಲೈಟ್ ಹಾಕು.